ಕಾರು ತಗ್ಗಿಸುವ ಮುನ್ನ ಬಗ್ಗಿ ನೋಡಿ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಹೊಸ ಬೇಡಿಕೆಯೊಂದು ಕೇಳಿಬರುತ್ತಿದೆ. ಮನೆಯಲ್ಲಿ ಏಳೆಂಟು ವರ್ಷ ಹಳೆಯದಾದ ಪುಟ್ಟ ಕಾರು ಇರುತ್ತದೆ. ಅಪ್ಪ ಅದನ್ನು ಆಫೀಸಿಗೂ ವರ್ಷಕ್ಕೊಮ್ಮೆ ಊರ ಜಾತ್ರೆಗೂ ಓಡಿಸುತ್ತಾರೆ. ಮಗನಿಗೋ ಮಗಳಿಗೋ ಲೈಸೆನ್ಸ್ ಬಂದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಮಾತು ಶುರುವಾಗುತ್ತದೆ: ‘ಅಪ್ಪಾ, ಕಾರಿಗೆ ಕಾಯಿಲೋವರ್ ಹಾಕಿಸೋಣ. ಈಗ ಅಗ್ಗಕ್ಕೆ ಸಿಗುತ್ತೆ. ಕಾರು ಸ್ವಲ್ಪ ಕೆಳಗೆ ಕೂರುತ್ತೆ, ತಿರುವಿನಲ್ಲಿ ಚೆನ್ನಾಗಿ ಹಿಡಿಯುತ್ತೆ.’ ಅಪ್ಪನಿಗೆ ಅದೇನೆಂದು ತಿಳಿಯದು. ಅಮ್ಮನಿಗೆ ಬೆಲೆ ಕೇಳಿಯೇ ಗಾಬರಿ. ‘ಇರೋದು ಚೆನ್ನಾಗೇ ಇದೆಯಲ್ಲ’ ಎಂಬಲ್ಲಿಗೆ ಮಾತು ಮುಗಿದು ಮುನಿಸು ಆರಂಭವಾಗುತ್ತದೆ.

ಹೀಗೆ ಮುಗಿಯಬೇಕಾದ ಚರ್ಚೆ ಇದಲ್ಲ. ಈ ವಸ್ತು ಒಳ್ಳೆಯದೋ ಕೆಟ್ಟದ್ದೋ, ನಮ್ಮ ಕಾರಿಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ಅಳೆದು, ಲೆಕ್ಕ ಹಾಕಿ ಹೇಳಬಹುದು. ಅದಕ್ಕೆ ಪಿಯುಸಿಯ ಭೌತಶಾಸ್ತ್ರ, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಟೇಪು ಸಾಕು. ಮಕ್ಕಳು ಲೆಕ್ಕ ಹಾಕಲಿ, ಹೆತ್ತವರು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಲಿ.

ಏನಿದು ಕಾಯಿಲೋವರ್?

ಕಾರಿನ ಚಕ್ರಕ್ಕೂ ಮೈಗೂ ನಡುವೆ ಎರಡು ಕೆಲಸಗಾರರಿದ್ದಾರೆ. ಒಂದು ಸ್ಪ್ರಿಂಗ್, ಅದು ಕಾರಿನ ಭಾರ ಹೊರುತ್ತದೆ, ಗುಂಡಿ ಬಂದಾಗ ಬಳುಕುತ್ತದೆ. ಇನ್ನೊಂದು ಶಾಕ್ ಅಬ್ಸಾರ್ಬರ್. ಹೆಸರಿನಲ್ಲಿ ಆಘಾತ ಹೀರುವುದು ಎಂದಿದ್ದರೂ ಅದರ ನಿಜವಾದ ಕೆಲಸ ಬೇರೆ. ಬಳುಕಿದ ಸ್ಪ್ರಿಂಗ್ ಉಯ್ಯಾಲೆಯಂತೆ ಕುಣಿಯುತ್ತಲೇ ಇರದಂತೆ ಅದು ತಡೆಯುತ್ತದೆ. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಕಷ್ಟಪಟ್ಟು ಹಾಯುವಾಗ ಕುಣಿತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ.

ಅಂಬಾಸಡರ್ ಕಾರಿನಲ್ಲಿ ಹಿಂದೆ ಪಟ್ಟಿ ಸ್ಪ್ರಿಂಗ್, ಮುಂದೆ ತಿರುಚುವ ಸರಳು ಇದ್ದವು. ಶಾಕ್ ಅಬ್ಸಾರ್ಬರ್ ಬೇರೆಯಾಗಿಯೇ ಇತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂಚಕ್ರಗಳಲ್ಲಿ ಸುರುಳಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಕೂತಿತ್ತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ವ್ಯವಸ್ಥೆ ಇದು. ಇಂದಿನ ಬಹುತೇಕ ಚಿಕ್ಕ ಕಾರುಗಳ ಮುಂಭಾಗದಲ್ಲಿ ಇರುವುದೂ ಇದೇ. ಮೆಕ್ಯಾನಿಕ್‌ಗಳು ಇದನ್ನು ‘ಸ್ಟ್ರಟ್’ ಎನ್ನುತ್ತಾರೆ.

ಹಾಗಾದರೆ ಕಂಪನಿಯ ಸ್ಟ್ರಟ್ ಕೂಡ ಕಾಯಿಲೋವರ್ ತಾನೆ? ಅರ್ಥ ನೋಡಿದರೆ ಹೌದು. ಆದರೆ ಮಾರುಕಟ್ಟೆಯಲ್ಲಿ ಆ ಹೆಸರಿಗೆ ಬೇರೆ ಅರ್ಥವಿದೆ. ಹೊರಮೈಗೆ ಬೋಲ್ಟಿನಂತೆ ಮರೆ ಇದ್ದು, ಅದರ ಮೇಲೆ ತಿರುಗುವ ಬಳೆಯಿಂದ ಕಾರಿನ ಎತ್ತರವನ್ನು ಏರಿಸಿ ಇಳಿಸಬಹುದಾದ, ಗಟ್ಟಿ ಸ್ಪ್ರಿಂಗುಳ್ಳ ಜೋಡಣೆಗೆ ಅಲ್ಲಿ ಕಾಯಿಲೋವರ್ ಎನ್ನುತ್ತಾರೆ. ಹಲವದರಲ್ಲಿ ಎಣ್ಣೆಯ ಹರಿವನ್ನು ಬಿಗಿ ಸಡಿಲ ಮಾಡುವ ತಿರುಗುಗುಬ್ಬಿಯೂ ಇರುತ್ತದೆ.

ಹೆಸರು ಒಂದು, ಬಗೆ ಮೂರು

ಅಗ್ಗದ ಸೆಟ್ಟುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಅಂಗಡಿಯಾತ ಮೂರನ್ನೂ ಒಂದೇ ಹೆಸರಿನಿಂದ ಕರೆಯಬಹುದು. ಗುರುತಿಸುವುದು ನಿಮ್ಮ ಕೆಲಸ.

ಮೊದಲನೆಯದು ಬರೀ ತೋಳು. ಮರೆಯುಳ್ಳ ಅಲ್ಯೂಮಿನಿಯಂ ಕೊಳವೆಯೊಂದನ್ನು ಹಳೆಯ ಶಾಕ್ ಅಬ್ಸಾರ್ಬರಿನ ಮೇಲೆ ತೊಡಿಸಿ, ಮೇಲೊಂದು ಗಿಡ್ಡ ಸ್ಪ್ರಿಂಗ್ ಕೂರಿಸುತ್ತಾರೆ. ಪೆಟ್ಟಿಗೆಯಲ್ಲಿ ಸ್ಪ್ರಿಂಗು, ಕೊಳವೆ, ಬಳೆ ಮಾತ್ರ ಇದ್ದು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ಅದು ಈ ಬಗೆಯದು. ಎಲ್ಲಕ್ಕಿಂತ ಅಗ್ಗವಾದದ್ದು ಇದೇ, ಎಲ್ಲಕ್ಕಿಂತ ತೊಂದರೆಯದ್ದೂ ಇದೇ. ಮೆದು ಸ್ಪ್ರಿಂಗಿಗೆಂದು ಮಾಡಿದ ಹಳೆಯ ಶಾಕ್ ಅಬ್ಸಾರ್ಬರ್ ಗಟ್ಟಿ ಸ್ಪ್ರಿಂಗಿನ ಕುಣಿತವನ್ನು ಹಿಡಿಯಲಾರದು.

ಎರಡನೆಯದರಲ್ಲಿ ಹೊಸ ಶಾಕ್ ಅಬ್ಸಾರ್ಬರ್ ಇರುತ್ತದೆ, ಆದರೆ ಎತ್ತರ ಬದಲಿಸಲು ಸ್ಪ್ರಿಂಗಿನ ಕೆಳಗಿನ ಬಳೆಯೊಂದೇ ಗತಿ. ಬಳೆ ಇಳಿಸಿದಷ್ಟೂ ಕಾರು ಇಳಿಯುತ್ತದೆ. ಅಷ್ಟೇ ಪ್ರಮಾಣದಲ್ಲಿ ಚಕ್ರ ಮೇಲೆ ಚಲಿಸಲು ಇರುವ ಜಾಗವೂ ಕರಗುತ್ತದೆ. ಹಾಕುವ ಮೊದಲು 8 ಸೆಂ.ಮೀ. ಜಾಗವಿದ್ದು ನೀವು 4 ಸೆಂ.ಮೀ. ಇಳಿಸಿದರೆ ಉಳಿಯುವುದು ಅರ್ಧ. ದೊಡ್ಡ ಗುಂಡಿ ಬಂದಾಗ ‘ಠಕ್’ ಎಂದು ತಳ ಬಡಿಯುವುದು ಇದರಿಂದಲೇ.

ಮೂರನೆಯದರಲ್ಲಿ ಶಾಕ್ ಅಬ್ಸಾರ್ಬರಿನ ಕೆಳ ಹಿಡಿಕೆಯೂ ಮರೆಯ ಮೇಲೆ ತಿರುಗುತ್ತದೆ. ಇಡೀ ಕೊಳವೆಯ ಉದ್ದ ಬದಲಾಗುವುದರಿಂದ ಕಾರು ಇಳಿದರೂ ಒಳಗಿನ ಚಲನೆಯ ಜಾಗ ಹಾಗೇ ಉಳಿಯುತ್ತದೆ. ಕೆಳ ಹಿಡಿಕೆಯ ಮೇಲುಗಡೆ ಮತ್ತೊಂದು ಬಿಗಿಬಳೆ ಇದೆಯೇ ನೋಡಿ. ಇದ್ದರೆ ಈ ಬಗೆ. ಹಾಗೆಂದು ಇಷ್ಟಬಂದಷ್ಟು ಇಳಿಸುವಂತಿಲ್ಲ. ಟೈರು ಮೇಲಿನ ತಗಡಿಗೆ ತಾಗಬಾರದಲ್ಲ!

ಮುಖ್ಯವಾದ ಇನ್ನೊಂದು ಮಾತು. ನಮ್ಮಲ್ಲಿ ಓಡುವ ಬಹಳಷ್ಟು ಚಿಕ್ಕ ಕಾರುಗಳ ಹಿಂಭಾಗದಲ್ಲಿ ಸ್ಪ್ರಿಂಗು ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ ಇರುತ್ತದೆ. ಭಾರವೆಲ್ಲ ಸ್ಪ್ರಿಂಗಿನ ಪೀಠದ ಮೇಲೆ; ಶಾಕ್ ಅಬ್ಸಾರ್ಬರನ್ನು ಹಿಡಿದಿರುವ ಬೋಲ್ಟು ಮತ್ತು ತಗಡು ಕಾರಿನ ತೂಕ ಹೊರಲೆಂದು ಮಾಡಿದ್ದಲ್ಲ. ಅಂಥ ಕಾರಿಗೆ ಒಳ್ಳೆಯ ತಯಾರಕರು ಹಿಂದಕ್ಕೆ ಬೇರೆ ಬೇರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನೇ ಕೊಡುತ್ತಾರೆ. ‘ಹಿಂದೆಯೂ ನಿಜವಾದ ಕಾಯಿಲೋವರ್ ಹಾಕಿಕೊಡ್ತೀವಿ’ ಎಂದು ಯಾರಾದರೂ ಹೇಳಿದರೆ, ಆ ಜಾಗದ ತಗಡನ್ನು ಬಲಪಡಿಸಿದ್ದೀರಾ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಎದ್ದುಬನ್ನಿ.

ಹುಕ್‌ನ ನಿಯಮ ಅಂಗಡಿಗೆ ಬಂದಾಗ

ಎಳೆತ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ರಾಬರ್ಟ್ ಹುಕ್‌ನ ನಿಯಮ 1678ರಷ್ಟು ಹಳೆಯದು. ಪರೀಕ್ಷೆಗೆ ಬಾಯಿಪಾಠ ಮಾಡಿದ ಆ ನಿಯಮವನ್ನು ಬಳಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಕೆಲವು ಸ್ಪ್ರಿಂಗುಗಳ ಮೇಲೆ 62-180-6 ಎಂಬಂಥ ಅಂಕಿ ಇರುತ್ತದೆ. ಒಳವ್ಯಾಸ 62 ಮಿ.ಮೀ., ಉದ್ದ 180 ಮಿ.ಮೀ., ಗಟ್ಟಿತನ ಮಿಲಿಮೀಟರಿಗೆ 6 ಕಿ.ಗ್ರಾಂ. ಎಂದರ್ಥ. ಅಂದರೆ ಅದನ್ನು ಒಂದು ಮಿಲಿಮೀಟರ್ ಒತ್ತಲು 6 ಕಿಲೋ ಭಾರ ಬೇಕು. ಅಂಕಿ ಅಳಿಸಿಹೋಗಿದ್ದರೆ ಅಥವಾ ಇಲ್ಲದಿದ್ದರೆ ನೀವೇ ಅಳೆಯಿರಿ. ತಂತಿಯ ದಪ್ಪದ ನಾಲ್ಕನೇ ಘಾತವನ್ನು ಉಕ್ಕಿನ ರಿಜಿಡಿಟಿ ಮಾಡ್ಯುಲಸ್‌ನಿಂದ ಗುಣಿಸಿ. ಅದು ಚದರ ಮಿಲಿಮೀಟರಿಗೆ ಸುಮಾರು 79,000 ನ್ಯೂಟನ್. ಬಂದದ್ದನ್ನು ಸುರುಳಿಯ ಸರಾಸರಿ ವ್ಯಾಸದ ಘನ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಮತ್ತು 8, ಈ ಮೂರರ ಗುಣಲಬ್ಧದಿಂದ ಭಾಗಿಸಿ. ಎರಡೂ ತುದಿಗಳಲ್ಲಿ ಚಪ್ಪಟೆಯಾಗಿ ಮುಚ್ಚಿದ ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಉದಾಹರಣೆಗೆ ತಂತಿ 11 ಮಿ.ಮೀ., ಸರಾಸರಿ ವ್ಯಾಸ 73 ಮಿ.ಮೀ., ಸುತ್ತು 7 ಎಂದಿಟ್ಟುಕೊಳ್ಳಿ. ಉತ್ತರ ಮಿಲಿಮೀಟರಿಗೆ ಸುಮಾರು 53 ನ್ಯೂಟನ್, ಅಂದರೆ 5.4 ಕಿಲೋ. ಒಳವ್ಯಾಸವೂ ಸುತ್ತುಗಳೂ ಅಷ್ಟೇ ಇದ್ದು ತಂತಿ 12 ಮಿ.ಮೀ. ಆದರೆ? 72 ನ್ಯೂಟನ್, ಅಂದರೆ 7.4 ಕಿಲೋ! ಒಂದೇ ಮಿಲಿಮೀಟರಿಗೆ ಇಷ್ಟು ವ್ಯತ್ಯಾಸ. ನಾಲ್ಕನೇ ಘಾತದ ಮಹಿಮೆ ಅದು. ಆದ್ದರಿಂದ ಬಣ್ಣದ ದಪ್ಪವನ್ನು ಕಳೆದೇ ಅಳೆಯಿರಿ. ಎಡ ಬಲ ಎರಡೂ ಸ್ಪ್ರಿಂಗುಗಳನ್ನು ಅಳೆಯಿರಿ. ಪೆಟ್ಟಿಗೆಯ ಮೇಲೆ 5 ಎಂದಿದ್ದು ಲೆಕ್ಕದಲ್ಲಿ 7 ಬಂದರೆ ಆ ತಯಾರಕನ ಉಳಿದ ಮಾತುಗಳನ್ನೂ ಅನುಮಾನದಿಂದಲೇ ನೋಡಿ.

ಈ ಅಂಕಿಯಿಂದ ಕಾರಿನ ನಡೆಯನ್ನೂ ಮೊದಲೇ ತಿಳಿಯಬಹುದು. ಮುಂಚಕ್ರವೊಂದರ ಸ್ಪ್ರಿಂಗಿನ ಮೇಲೆ 250 ಕಿಲೋ ಭಾರವಿದೆ, ಕಂಪನಿಯ ಸ್ಪ್ರಿಂಗು ಮಿಲಿಮೀಟರಿಗೆ 20 ನ್ಯೂಟನ್ ಎಂದುಕೊಳ್ಳೋಣ. ಆಗ ಕಾರಿನ ಮೂತಿಯ ಸಹಜ ಕಂಪನ ಸೆಕೆಂಡಿಗೆ 1.4 ಬಾರಿ. ಸಾಮಾನ್ಯ ಕಾರುಗಳಲ್ಲಿ ಇದು 1ರಿಂದ 1.5ರ ಆಸುಪಾಸಿನಲ್ಲಿರುತ್ತದೆ, ನಮ್ಮ ನಡಿಗೆಯ ಲಯಕ್ಕೆ ಹತ್ತಿರವಾದ ಈ ತೂಗಾಟ ಮೈಗೆ ಹಿತ. 53 ನ್ಯೂಟನ್ನಿನ ಸ್ಪ್ರಿಂಗು ಹಾಕಿದರೆ ಕಂಪನ 2.3ಕ್ಕೆ ಏರುತ್ತದೆ. ಅದು ರೇಸಿನ ಕಾರುಗಳ ವಲಯ. ನುಣುಪಾದ ಟ್ರ್ಯಾಕಿನಲ್ಲಿ ಅದು ಗುಣವಾದರೆ, ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಯ ಸೊಂಟಕ್ಕೆ ದಂಡನೆ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಹಾರುವುದರಿಂದ ಹಿಡಿತ ಹೆಚ್ಚುವ ಬದಲು ತಗ್ಗುವುದೂ ಉಂಟು. ಗಟ್ಟಿಯಾದದ್ದೆಲ್ಲ ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

‘ಬಳೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ’ ಎನ್ನುವವರಿದ್ದಾರೆ. ಸಮಸುತ್ತಿನ ಸ್ಪ್ರಿಂಗಿಗೆ ಇದು ಸುಳ್ಳು. ಬಳೆಯಿಂದ ಬದಲಾಗುವುದು ಎತ್ತರ ಮತ್ತು ಮೊದಲ ಒತ್ತಡ. ಒಂದು ಮಿಲಿಮೀಟರಿಗೆ ಬೇಕಾದ ಭಾರ ಮೊದಲಿನಷ್ಟೇ.

ಗುಬ್ಬಿಯ ಟಿಕ್ ಟಿಕ್ ನಂಬಬೇಡಿ

‘32 ಹಂತದ ಹೊಂದಾಣಿಕೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಗುಬ್ಬಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಕೇಳಲು ಇಂಪು. ಆದರೆ ಹಂತಗಳ ಸಂಖ್ಯೆ ಗುಣಮಟ್ಟವನ್ನು ಹೇಳುವುದಿಲ್ಲ. ಸ್ಪ್ರಿಂಗ್ 20ರಿಂದ 53ಕ್ಕೆ ಏರಿದಾಗ ಕುಣಿತ ತಡೆಯುವ ಬಲ ಅದರ ವರ್ಗಮೂಲದಷ್ಟು, ಎಂದರೆ ಸುಮಾರು 1.6 ಪಟ್ಟು ಹೆಚ್ಚಬೇಕು. ಹೊಸ ಶಾಕ್ ಅಬ್ಸಾರ್ಬರ್ ಅಷ್ಟು ಕೊಡುತ್ತದೆಯೇ ಎಂಬುದು ನಿಜವಾದ ಪ್ರಶ್ನೆ.

ಇದಕ್ಕೆ ಪುರಾವೆ ಡೈನೋ ನಕ್ಷೆ. ಶಾಕ್ ಅಬ್ಸಾರ್ಬರನ್ನು ಯಂತ್ರದಲ್ಲಿಟ್ಟು ಬೇರೆ ಬೇರೆ ವೇಗದಲ್ಲಿ ಒತ್ತಿ ಎಳೆದು, ಅದು ಒಡ್ಡುವ ಬಲವನ್ನು ಗೀಟಾಗಿ ಬರೆದಿರುತ್ತಾರೆ. ಒಳ್ಳೆಯ ತಯಾರಕರು ಕೇಳಿದರೆ ಕೊಡುತ್ತಾರೆ. ಮೆದುವಿನಿಂದ ಗಟ್ಟಿಯವರೆಗಿನ ಗೀಟುಗಳು ಕ್ರಮವಾಗಿ ಬಿಡಿಬಿಡಿಯಾಗಿರಬೇಕು. ಎಡ ಬಲದ ಗೀಟುಗಳು ಒಂದರ ಮೇಲೊಂದು ಕೂರಬೇಕು. 32 ಹಂತಗಳಲ್ಲಿ 25 ಹಂತ ಒಂದೇ ಗೀಟಿನ ಮೇಲೆ ಬಿದ್ದಿದ್ದರೆ ಉಳಿದದ್ದು ಬರೀ ಸದ್ದು. ನಕ್ಷೆಯೇ ಇಲ್ಲವೆಂದಾದರೆ ಕೈಯಿಂದಲಾದರೂ ಪರೀಕ್ಷಿಸಿ: ಎರಡೂ ಸರಳುಗಳನ್ನು ಒಂದೇ ಹಂತದಲ್ಲಿಟ್ಟು ಒತ್ತಿ ಎಳೆಯಿರಿ. ಒಂದು ಸಲೀಸು, ಇನ್ನೊಂದು ಬಿಗಿ ಎನಿಸಿದರೆ ಆ ಜೋಡಿ ಬೇಡ.

ಒಂದೇ ಕೊಳವೆಯದು ಮೇಲು, ಜೋಡಿ ಕೊಳವೆಯದು ಕೀಳು ಎಂದೂ ಹೇಳುತ್ತಾರೆ. ಒಂದೇ ಕೊಳವೆಯಲ್ಲಿ ಒತ್ತಡದ ಅನಿಲ ತುಂಬಿದ ಬಗೆಯನ್ನು ಜರ್ಮನಿಯ ಬಿಲ್‌ಸ್ಟೈನ್ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಒದಗಿಸತೊಡಗಿತು. ಅದು ಬೇಗ ತಣಿಯುತ್ತದೆ, ನಿಜ. ಆದರೆ ಹೊರಕೊಳವೆಗೆ ಕಲ್ಲು ಬಡಿದು ನೆಗ್ಗಿದರೆ ಒಳಗಿನ ಪಿಸ್ಟನ್ ಸಿಕ್ಕಿಕೊಳ್ಳಬಹುದು. ಜೋಡಿ ಕೊಳವೆಯದು ಅಂಥ ಪೆಟ್ಟನ್ನು ಹೆಚ್ಚು ತಾಳುತ್ತದೆ. ನಿತ್ಯದ ಓಡಾಟಕ್ಕೆ, ಜಾತಿಗಿಂತ ಕಸುಬು ಮುಖ್ಯ.

ಕಣ್ಣು, ಕೈ, ಟೇಪು

ಅಗ್ಗದ ಸೆಟ್ಟುಗಳು ಹೆಚ್ಚಾಗಿ ಚೀನಾ ಮತ್ತು ತೈವಾನಿನಿಂದ ಬರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಹೆಸರಾಂತ ಕಂಪನಿಗಳ ಬಣ್ಣ ಬಳಿದ ನಕಲುಗಳೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಅಂಚೆಯಲ್ಲಿ ತರಿಸಿ, ಹಣ ಕೊಡುವ ಮೊದಲು ಇಷ್ಟನ್ನು ನೋಡಿ.

ಕೊಳವೆಯ ಮೇಲೆ ಭಾಗದ ಸಂಖ್ಯೆ ಕೊರೆದಿದೆಯೇ, ಬರೀ ಅಂಟಿಸಿದ ಚೀಟಿಯೇ? ಆ ಸಂಖ್ಯೆ ನಿಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಸರಿಯೇ ಎಂದು ತಯಾರಕರನ್ನೇ ಕೇಳಿ. ಕೆಳ ಹಿಡಿಕೆಯ ವೆಲ್ಡಿಂಗ್ ಒಂದೇ ಸಮ ಅಲೆಯಂತಿದೆಯೇ, ನಡುವೆ ತೂತು, ಬಿರುಕು ಇವೆಯೇ? ಚಕ್ರವನ್ನು ಹಿಡಿದಿರುವುದು ಆ ವೆಲ್ಡಿಂಗೇ. ಬ್ರೇಕಿನ ಹೋಸು ಮತ್ತು ಎಬಿಎಸ್ ತಂತಿ ಸಿಕ್ಕಿಸುವ ಕೊಂಡಿಗಳಿವೆಯೇ? ಕೊಂಡಿಯಿಲ್ಲದೆ ಜೋತುಬಿದ್ದ ಹೋಸು ಟೈರಿಗೆ ಉಜ್ಜಿ ಹರಿದರೆ ಬ್ರೇಕೇ ಇಲ್ಲ. ಹೊಳೆಯುವ ಸರಳಿನ ಮೇಲೆ ಉಗುರು ಎಳೆಯಿರಿ. ಚುಕ್ಕೆ, ಗೀರು ತಗುಲಿದರೆ ಸೀಲು ಬೇಗ ಸವೆದು ಎಣ್ಣೆ ಸೋರುತ್ತದೆ. ದೂಳು ತಡೆಯುವ ರಬ್ಬರ್ ಚೀಲ, ತಳ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಪೆಟ್ಟಿಗೆಯಲ್ಲಿವೆಯೇ?

ಮೇಲಿನ ಹಿಡಿಕೆ ರಬ್ಬರಿನದೋ, ಉಕ್ಕಿನ ಗುಂಡಿನದೋ ಎಂದೂ ನೋಡಿ. ಗುಂಡಿನದು ರೇಸಿಗೆ ಸರಿ. ನಮ್ಮ ದೂಳು, ಮಳೆಯಲ್ಲಿ ಅದು ಸವೆದು ಕಟಕಟ ಸದ್ದು ಮಾಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇನ್ನೂ ಎಚ್ಚರದಿಂದಿರಬೇಕು. ಉಪ್ಪುಗಾಳಿಯಲ್ಲಿ ಉಕ್ಕಿನ ಮರೆಯೂ ಅಲ್ಯೂಮಿನಿಯಂ ಬಳೆಯೂ ಒಂದಕ್ಕೊಂದು ಕಚ್ಚಿಕೊಂಡು, ಆಮೇಲೆ ಯಾವ ಸ್ಪ್ಯಾನರಿಗೂ ಜಗ್ಗುವುದಿಲ್ಲ.

ಕೊನೆಯದಾಗಿ, ಒಂದು ಶಾಕ್ ಅಬ್ಸಾರ್ಬರ್ ಕೆಟ್ಟರೆ ಅದೊಂದನ್ನೇ ಕೊಳ್ಳಬಹುದೇ? ಸೀಲು ಬದಲಿಸಿ ಎಣ್ಣೆ ತುಂಬಿಕೊಡುವವರು ಈ ದೇಶದಲ್ಲಿ ಇದ್ದಾರೆಯೇ? ಇಲ್ಲವೆಂದಾದರೆ ಇಂದು ಉಳಿಸಿದ ಹಣ ಎರಡು ವರ್ಷದಲ್ಲಿ ಹೋಗುತ್ತದೆ. ಕೂರಿಸುವ ಕೂಲಿ, ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಸರಿಪಡಿಸುವುದು ಇವನ್ನೂ ಬೆಲೆಗೆ ಸೇರಿಸಿ. ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರಿನ ಅಂಚು ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ.

ರಸ್ತೆ ಉಬ್ಬಿನ ಲೆಕ್ಕ

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬು 17 ಮೀಟರ್ ತ್ರಿಜ್ಯದ ಕಮಾನು, ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಚಕ್ರಗಳ ನಡುವಿನ ಅಂತರ 2.4 ಮೀಟರ್ ಇರುವ ಕಾರು ಅದರ ನೆತ್ತಿಯ ಮೇಲೆ ನಿಂತಾಗ ಹೊಟ್ಟೆಯ ಕಡೆಗೆ ಉಬ್ಬಿ ಬರುವುದು ನಾಲ್ಕೇ ಸೆಂ.ಮೀ. ವಿದ್ಯಾರ್ಥಿಗಳು ಜ್ಯಾಮಿತಿಯಿಂದ ಪರೀಕ್ಷಿಸಿ ನೋಡಬಹುದು. ಹಾಗಾದರೆ ಚಿಂತೆ ಏಕೆ? ನಮ್ಮ ಬೀದಿಗಳಲ್ಲಿರುವ ಉಬ್ಬುಗಳೆಲ್ಲ ಆ ಮಾನದಂಡ ನೋಡಿ ಕಟ್ಟಿದವಲ್ಲ ಎಂಬುದಕ್ಕೆ!

ಎರಡಡಿ ಅಗಲದಲ್ಲೇ 10 ಸೆಂ.ಮೀ. ಏರಿಸಿದ ಉಬ್ಬಿನ ಮೇಲೆ ಹೊಟ್ಟೆಗೆ ಪೂರಾ 10 ಸೆಂ.ಮೀ. ಎದುರಾಗುತ್ತದೆ. ಕಾರಿನ ನೆಲದಂತರ 17 ಸೆಂ.ಮೀ. ಎನ್ನೋಣ. ಐವರು ಕೂತು ಡಿಕ್ಕಿ ತುಂಬಿದಾಗ ಕಂಪನಿಯ ಸ್ಪ್ರಿಂಗು 4 ಸೆಂ.ಮೀ. ಕುಸಿದರೂ 13 ಉಳಿಯುತ್ತದೆ. ಕಾಯಿಲೋವರ್ ಹಾಕಿ 4 ಸೆಂ.ಮೀ. ಇಳಿಸಿದರೆ, ಗಟ್ಟಿ ಸ್ಪ್ರಿಂಗು ಕುಸಿಯುವುದು 2 ಸೆಂ.ಮೀ. ಮಾತ್ರ ಎಂದುಕೊಂಡರೂ ಉಳಿಯುವುದು 11. ಉಬ್ಬಿಗೂ ಎಂಜಿನ್ ಆಯಿಲಿನ ತೊಟ್ಟಿಗೂ ನಡುವೆ ಒಂದು ಸೆಂ.ಮೀ.! ಕಾರು ಉಬ್ಬು ದಾಟಿ ಕುಕ್ಕರಿಸುವಾಗ ಅದೂ ಉಳಿಯದು.

ಆರ್‌ಸಿ ಯಾರ ಹೆಸರಿನಲ್ಲಿದೆ?

ಕಾನೂನಿನ ಮಾತು ಹೆತ್ತವರು ಕಿವಿಗೊಟ್ಟು ಕೇಳಬೇಕಾದದ್ದು. ತಯಾರಕರು ನಿಗದಿಪಡಿಸಿದ ಸ್ವರೂಪಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅದು ಬೀಳುವುದು ವಾಹನದ ಮಾಲೀಕರ ಮೇಲೆ. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದರೆ ಮಗನ ಶೋಕಿಗೆ ಉತ್ತರ ಹೇಳಬೇಕಾದವರು ಅಪ್ಪ.

ಆದ್ದರಿಂದ ಹಣ ಕೊಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ವಿಮಾ ಕಂಪನಿಗೂ ತಿಳಿಸಿ. ಮುಚ್ಚಿಟ್ಟ ಮಾರ್ಪಾಡು ಅಪಘಾತವಾದಾಗ ಪರಿಹಾರಕ್ಕೆ ಅಡ್ಡಗಾಲಾಗಬಹುದು. ‘ಎಲ್ಲರೂ ಹಾಕಿಸಿಕೊಂಡಿದ್ದಾರೆ’ ಎಂಬುದು ಯಾವ ಕಚೇರಿಯಲ್ಲೂ ನಡೆಯುವ ಉತ್ತರವಲ್ಲ.

ಹಾಗಾದರೆ ಬೇಡವೇ?

ಮಗ ಅಥವಾ ಮಗಳು ಕಾರು ಈಗ ಸರಿಯಾಗಿ ಹಿಡಿಯುವುದಿಲ್ಲ ಎನ್ನುತ್ತಿದ್ದರೆ ಆ ಮಾತನ್ನು ತಳ್ಳಿಹಾಕಬೇಡಿ. ಏಳೆಂಟು ವರ್ಷದ ಕಾರಿನಲ್ಲಿ ಅದು ನಿಜವಿರಬಹುದು. ಮೊದಲು ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲದೆ ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಕೊಳವೆಯ ಮೇಲೆ ಎಣ್ಣೆಯ ಪಸೆ ಇದೆಯೇ, ಬುಷ್‌ಗಳು ಸೀಳಿವೆಯೇ, ಟೈರು ಎಷ್ಟು ಹಳೆಯದು ಎಂದೂ ನೋಡಿ. ಕಂಪನಿಯ ಅಳತೆಯ ಹೊಸ ಶಾಕ್ ಅಬ್ಸಾರ್ಬರ್, ಹೊಸ ಬುಷ್, ಒಳ್ಳೆಯ ಟೈರು, ಒಂದು ಅಲೈನ್‌ಮೆಂಟ್. ಇಷ್ಟರಿಂದಲೇ ಕಾರು ಎಷ್ಟು ಬದಲಾಗುತ್ತದೆಂದು ನೋಡಿದ ಮೇಲೆ ಎಷ್ಟೋ ಮಂದಿ ಕಾಯಿಲೋವರಿನ ಮಾತೆತ್ತುವುದಿಲ್ಲ. ಇದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಡ.

ಇನ್ನು ಆಸಕ್ತಿ ಬರೀ ಶೋಕಿಯದಲ್ಲ, ನಿಜವಾಗಿ ಕಲಿಯುವ ಹಂಬಲ ಎಂದಾದರೆ ಅದಕ್ಕೂ ದಾರಿಯಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ವಾಹನ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆ ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿದೆ. ಅಲ್ಲಿ ಸ್ಪ್ರಿಂಗು ಆರಿಸುವುದು, ಶಾಕ್ ಅಬ್ಸಾರ್ಬರ್ ಹೊಂದಿಸುವುದು ಅಪರಾಧವಲ್ಲ, ಪಾಠ. ಕಾಲೇಜಿನಲ್ಲಿ ತಂಡವಿದ್ದರೆ ಸೇರಿಕೊಳ್ಳಲಿ.

ಅಷ್ಟಾಗಿಯೂ ಕಾಯಿಲೋವರ್ ಬೇಕೇ ಬೇಕೆಂಬ ಹಟವಿದ್ದರೆ ಹೆತ್ತವರು ಒಂದು ಷರತ್ತು ಹಾಕಬಹುದು. ಸ್ಪ್ರಿಂಗಿನ ಗಟ್ಟಿತನದ ಲೆಕ್ಕ, ಕಂಪನದ ಲೆಕ್ಕ, ಡೈನೋ ನಕ್ಷೆ, ನಿಮ್ಮ ಬೀದಿಯ ಉಬ್ಬಿನ ಅಳತೆ, ಆರ್‌ಟಿಓ ಕಚೇರಿಯ ಉತ್ತರ ಈ ಐದನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಡಲಿ. ಹಾಳೆ ತುಂಬಿ ಬಂದರೆ ಕೂತು ಮಾತಾಡಿ. ಒಂದು ಸಾಲು ಖಾಲಿ ಇದ್ದರೂ, ಅದು ತುಂಬುವವರೆಗೆ ಕಾರು ಈಗಿರುವ ಎತ್ತರದಲ್ಲೇ ಇರಲಿ.